ಹಳೆ ಬಂಗಲೆಯ ಅಗ್ಗಿಷ್ಟಿಕೆ: ಚೌಕಟ್ಟು ಬಿಟ್ಟಿದೆ, ಗಿಲಾವು ಉದುರುತ್ತಿದೆ, ದೋಷ ಎಲ್ಲಿದೆ?

ಪುಣೆಯ ಕ್ಯಾಂಪ್, ಖಡ್ಕಿ ಕಡೆಯ ಕೆಲವು ಹಳೆ ಬಂಗಲೆಗಳ ಮುಂದಿನ ದೊಡ್ಡ ಕೋಣೆಯಲ್ಲಿ ಈಗಲೂ ಅಗ್ಗಿಷ್ಟಿಕೆ ಇದೆ. 1817ರ ಖಡ್ಕಿ ಯುದ್ಧದ ನಂತರ ಇಂಗ್ಲಿಷರ ದಂಡು ಇಲ್ಲೇ ಬಿಡಾರ ಹೂಡಿತು. ಆಮೇಲೆ ಮುಂಬೈ ಗವರ್ನರ್ ಮಳೆಗಾಲ ಕಳೆಯಲು ಇಲ್ಲಿಗೇ ಬರತೊಡಗಿದರು. ತಮ್ಮೂರಿನ ಮನೆ ಹೇಗಿತ್ತೋ ಹಾಗೇ ಇರಬೇಕು ಅಂತ ಒಲೆ, ಚಿಮಣಿ ಎಲ್ಲ ಕಟ್ಟಿಸಿಕೊಂಡರು. ಈಗ ಆ ಒಲೆಗೆ ಬೆಂಕಿ ಹಾಕುವವರು ಕಡಿಮೆ. ಒಳಗೆ ಹೂಕುಂಡ, ಮೇಲೆ ಟಿವಿ. ಗಣಪತಿ ಹಬ್ಬ ಬಂದರೆ ಅದೇ ಮಂಟಪ.

ಬೆಂಕಿ ಹಾಕದಿದ್ದರೂ ತಕರಾರು ತಪ್ಪಿಲ್ಲ. ಹಳೆ ಮನೆ ರಿಪೇರಿ ಕೆಲಸದಲ್ಲಿರುವ ನನಗೆ ಬರುವ ಫೋನ್‌ಗಳ ಧಾಟಿ ಒಂದೇ. ‘ಚೌಕಟ್ಟಿನ ಅಂಚಿನಲ್ಲಿ ಬಿರುಕು ಬಿಟ್ಟಿತ್ತು, ಸಿಮೆಂಟ್ ತುಂಬಿಸಿದ್ವಿ, ಈ ಮಳೆಗಾಲಕ್ಕೆ ಮತ್ತೆ ಬಿಟ್ಟಿದೆ. ಪಕ್ಕದ ಗೋಡೆಯೂ ಉಬ್ಬಿದೆ.’ ಚೌಕಟ್ಟು ಅಂದರೆ ಒಲೆ ಬಾಯಿಯ ಸುತ್ತ ಇರುವ ಅಲಂಕಾರ: ಎರಡು ಕಡೆ ಕಾಲು, ಅಡ್ಡಪಟ್ಟಿ, ಅದರ ಮೇಲೆ ಸಾಮಾನಿಡುವ ಹಲಗೆ. ಸಾಗವಾನಿಯದ್ದಿರಬಹುದು, ಅಮೃತಶಿಲೆಯದ್ದಿರಬಹುದು, ಎರಕದ ಕಬ್ಬಿಣದ್ದೂ ಇರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೋಷ ಕಾಣುವುದು ಚೌಕಟ್ಟಿನ ಹತ್ತಿರ, ಆದರೆ ಹುಟ್ಟುವುದು ಬಹಳ ಸಲ ಬೇರೆ ಕಡೆ: ಚಿಮಣಿಯ ತಲೆಯಲ್ಲಿ, ಇಲ್ಲವೇ ಗೋಡೆಯೊಳಗೆ ಹೂತಿರುವ ಕಬ್ಬಿಣದಲ್ಲಿ, ಇಲ್ಲವೇ ಹಿಂದಿನವರು ಬಳಿದ ಸಿಮೆಂಟಿನಲ್ಲಿ. ಆ ಮೂಲ ಸಿಗುವವರೆಗೆ ಚೌಕಟ್ಟಿಗೆ ಕೈ ಹಾಕಬೇಡಿ. ಬಿಚ್ಚಿ, ಪಾಲಿಶ್ ಮಾಡಿ, ವಾಪಸ್ ಕೂರಿಸಿ ದುಡ್ಡು ಖರ್ಚು ಮಾಡಿದ ಮೇಲೆ ಮತ್ತೆ ಅದೇ ಕಲೆ ಎದ್ದರೆ ಹೊಟ್ಟೆ ಉರಿಯುತ್ತದೆ.

ಗೋಡೆ ಯಾವುದರದ್ದು?

ಈ ಬಂಗಲೆಗಳ ಗೋಡೆ ಇಟ್ಟಿಗೆ ಅಥವಾ ಕರಿಕಲ್ಲಿನದು, ಗಾರೆ ಸುಣ್ಣದ್ದು, ಮೇಲಿನ ಗಿಲಾವೂ ಸುಣ್ಣದ್ದೇ. ಸುಣ್ಣದ ಗಿಲಾವಿಗೆ ಉಸಿರಾಟ ಇದೆ. ಒಳಗೆ ಹೊಕ್ಕ ತೇವ ಅದರ ಮೂಲಕವೇ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಬಿಗಿ. ತೇವವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಗೋಡೆ ಸ್ವಲ್ಪ ಅಲುಗಿದರೂ ಬಾಗುವುದಿಲ್ಲ, ಸಿಡಿಯುತ್ತದೆ. ಹಾಗಾಗಿ ಮೊದಲು ತಿಳಿಯಬೇಕಾದ್ದು ಯಾವ ಜಾಗದಲ್ಲಿ ಯಾವ ಗಿಲಾವು ಇದೆ ಅಂತ.

ಗೊತ್ತುಮಾಡುವುದು ಕಷ್ಟವಲ್ಲ. ಮೂಲೆಯಲ್ಲಿ ಬಣ್ಣ ಕೆರೆದು ಚಾಕುವಿನ ತುದಿಯಿಂದ ಗೀಚಿ. ಸುಣ್ಣದ ಗಿಲಾವು ಪುಡಿಪುಡಿಯಾಗಿ ಬರುತ್ತದೆ, ಬಣ್ಣ ಬಿಳಿ ಅಥವಾ ಕೆನೆ. ಕೆಲವೊಮ್ಮೆ ಸುಣ್ಣದ ಬಿಳಿ ಗಂಟು, ಇಟ್ಟಿಗೆ ಪುಡಿಯ ಕೆಂಪು ಚುಕ್ಕೆ, ನಾರಿನ ಎಳೆ ಕಾಣುತ್ತದೆ. ಸಿಮೆಂಟಾದರೆ ಬೂದು ಬಣ್ಣ, ಚಾಕು ಜಾರುತ್ತದೆ. ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಆದರೆ ಅಚ್ಚ ಬಿಳಿ, ಉಗುರು ಊರುತ್ತದೆ, ಮರಳಿನ ಕಾಳೇ ಇರುವುದಿಲ್ಲ. ಒಂದೇ ಗೋಡೆಯಲ್ಲಿ ಮೂರೂ ಸಿಗುವುದು ಸಾಮಾನ್ಯ. ಎಲ್ಲೆಲ್ಲಿ ಏನು ಅಂತ ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ.

ಪಿ.ಒ.ಪಿ. ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಒಲೆಯ ಹತ್ತಿರ ಅದಕ್ಕೆ ಜಾಗವೇ ಇಲ್ಲ. ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರಲ್ಲಿದ್ದ ನೀರಿನ ಹೆಚ್ಚಿನ ಪಾಲನ್ನು ತೆಗೆದು ಮಾಡುವ ಪುಡಿ ಅದು. ನೀರು ಕಲಸಿದಾಗ ಮತ್ತೆ ಗಟ್ಟಿಯಾಗುತ್ತದೆ. ಆದರೆ ಒಲೆಯ ಶಾಖ ಬಿದ್ದರೆ ಮತ್ತೆ ನೀರು ಕಳೆದುಕೊಂಡು ಪುಡಿಯಾಗುತ್ತದೆ, ತೇವ ಹತ್ತಿದರೆ ಮೆತ್ತಗಾಗುತ್ತದೆ. ಚೆಂದ ಕಾಣುತ್ತದೆ ಅಂತ ಚೌಕಟ್ಟಿನ ಸುತ್ತ ಪಿ.ಒ.ಪಿ. ಪಟ್ಟಿ ಹೊಡೆಸಿದವರು ಅದನ್ನು ಮೊದಲು ತೆಗೆಸಿ, ಆಮೇಲೆ ಮುಂದಿನ ಮಾತು.

ಬಿರುಕು ಓದುವುದು

ಎಲ್ಲ ಬಿರುಕೂ ಒಂದೇ ಅಲ್ಲ. ಚೌಕಟ್ಟಿನ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಬಿರುಕಿದ್ದರೆ ಅದು ದೋಷವೇ ಅಲ್ಲ. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಗೋಡೆ ಹಾಗೆ ಮಾಡುವುದಿಲ್ಲ. ಎರಡು ಬೇರೆ ವಸ್ತು ಸೇರುವ ಕಡೆ ಒಂದು ಗೆರೆ ಬಿದ್ದೇ ಬೀಳುತ್ತದೆ. ಸುಮ್ನೆ ಬಿಟ್ಟುಬಿಡಿ. ಕಣ್ಣಿಗೆ ಚುಚ್ಚಿದರೆ ತೆಳು ಸುಣ್ಣದ ಪುಟ್ಟಿ ಸವರಿ.

ಮೇಲ್ಹಲಗೆಯ ಮೂಲೆಯಿಂದ ಓರೆಯಾಗಿ ಛಾವಣಿ ಕಡೆಗೆ ಏರುವ ಬಿರುಕು ಬೇರೆ ಕಥೆ. ಒಲೆ ಬಾಯಿಯ ಮೇಲೆ ಇಟ್ಟಿಗೆಯ ಕಮಾನು ಇರುತ್ತದೆ. ಎಷ್ಟೋ ಕಡೆ ಅದಕ್ಕೆ ಆಸರೆಯಾಗಿ ಒಂದು ಕಬ್ಬಿಣದ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿ ತುಕ್ಕು ಹಿಡಿದು ಸೊರಗಿದರೆ ಕಮಾನು ಕೆಳಗೆ ಜಗ್ಗುತ್ತದೆ, ಮೇಲಿನ ಚಿಮಣಿಯ ಭಾರವೆಲ್ಲ ಓರೆಯಾಗಿ ಹರಿಯುತ್ತದೆ. ಟಾರ್ಚ್ ಹಿಡಿದು ಒಲೆಯೊಳಗೆ ತಲೆ ಹಾಕಿ ಮೇಲೆ ನೋಡಿ. ಕಮಾನಿನ ಇಟ್ಟಿಗೆ ಒಂದಾದರೂ ಕೆಳಗೆ ಜಾರಿದ್ದರೆ ಕೆಲಸ ನಿಲ್ಲಿಸಿ. ಇದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು, ಬಣ್ಣದವನಲ್ಲ. ಎರಡು ಜ್ಯಾಕ್ ಕೊಟ್ಟು ಆಸರೆ ಮಾಡದೆ ಚೌಕಟ್ಟು ಬಿಚ್ಚಿಸಬೇಡಿ. ಆ ಕಾಲುಗಳೇ ಈಗ ಕಮಾನು ಹೊತ್ತಿರಬಹುದು.

ಮೀನಿನ ಬಲೆಯ ಹಾಗೆ ಹರಡಿದ ಸಣ್ಣ ಬಿರುಕುಗಳು ಮೇಲುಪದರದ್ದು. ಕಲಸುವಾಗ ನೀರು ಜಾಸ್ತಿಯಾಗಿದೆ, ಇಲ್ಲವೇ ಬಿಸಿಲಿಗೆ ಬೇಗ ಒಣಗಿದೆ. ಭಯವಿಲ್ಲ.

ಬಿರುಕು ಇನ್ನೂ ಬೆಳೆಯುತ್ತಿದೆಯಾ ಅಂತ ತಿಳಿಯಲು ಹಳೆಯ ಉಪಾಯವೇ ಸಾಕು. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ತುಂಡು ಇಟ್ಟು ಎರಡೂ ತುದಿ ಎಪಾಕ್ಸಿಯಿಂದ ಅಂಟಿಸಿ. ಬಣ್ಣದ ಮೇಲೆ ಅಂಟಿಸಬೇಡಿ, ಕೆರೆದು ಗಿಲಾವಿಗೇ ಅಂಟಿಸಿ. ಬಿರುಕಿನ ಕೊನೆಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಅಲುಗುತ್ತಿದೆ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿಯೂ ಒಡೆಯದಿದ್ದರೆ ಅದು ಹಳೆ ಗಾಯ, ತುಂಬಿ ಮುಗಿಸಬಹುದು.

ಟೊಳ್ಳು ಸದ್ದು

ಇದಕ್ಕೆ ಕಿವಿ ಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಗಿಲಾವು ಕುಟುಕುಟು ಅನ್ನುತ್ತದೆ. ಇಟ್ಟಿಗೆಯಿಂದ ಬಿಟ್ಟ ಗಿಲಾವು ಡಬಡಬ.

ನಮ್ಮ ಜೊತೆ ಕೆಲಸ ಮಾಡುವ ಗೌಂಡಿ ಕಾಕಾ ಇಂಡಿ ತಾಲ್ಲೂಕಿನವರು. ಅವರು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ, ಬೆರಳ ಗೆಣ್ಣಿನಿಂದಲೇ ತಟ್ಟುತ್ತಾರೆ. ಒಂದು ಬಂಗಲೆಯಲ್ಲಿ ಚೌಕಟ್ಟಿನ ಎಡಗಾಲಿನ ಪಕ್ಕ ತಟ್ಟುತ್ತ ಹೋಗಿ ಒಂದು ಕಡೆ ನಿಂತರು. ಅಂಗೈ ಒತ್ತಿದರು. ಗಿಲಾವು ಹಿಂದೆ ಹೋಗಿ ಮುಂದೆ ಬಂತು. ‘ಸರ, ಇದು ಬರೇ ಬಣ್ಣದ ಮ್ಯಾಲ ನಿಂತೈತ್ರಿ’ ಅಂದರು. ಬದಿಯಲ್ಲಿ ಚಾಣ ತೂರಿಸಿ ಎತ್ತಿದರೆ ಹಪ್ಪಳದಂತೆ ಒಂದು ಸಿಮೆಂಟ್ ಹಾಳೆ ಇಡಿಯಾಗಿ ಕೈಗೆ ಬಂತು. ಹೊರಗಡೆ ಒಣ. ಹಿಂಬದಿ ಒದ್ದೆ, ಅದರ ಮೇಲೆ ಬಿಳಿ ಹರಳು. ಒಳಗಿನ ಹಳೆ ಸುಣ್ಣ ಬೆರಳಿಗೆ ಹಿಟ್ಟಿನ ಹಾಗೆ ಹತ್ತಿತು. ಮನೆಯ ಅಜ್ಜಿ ಧಾರವಾಡದವರು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ತಮ್ಮಾ, ಇದನ್ನ ಹೋದ ವರ್ಷನ ಹಚ್ಚಿಸೀವಿ, ಗಟ್ಟಿ ಆಗತದ ಅಂದಿದ್ರು’ ಅಂದರು. ಸಿಮೆಂಟ್ ಗಟ್ಟಿಯಾಗಿಯೇ ಇತ್ತು. ಅದು ಹಿಡಿದುಕೊಳ್ಳಬೇಕಾದ ಗೋಡೆ ಕೊಳೆತಿತ್ತು.

ಟೊಳ್ಳಿನ ವಿಚಾರದಲ್ಲಿ ಅವಸರ ಬೇಡ. ಅಂಗೈಗಿಂತ ಚಿಕ್ಕ ಟೊಳ್ಳು, ಒತ್ತಿದರೆ ಅಲುಗುವುದಿಲ್ಲ ಅಂದರೆ ಬಿಡಿ. ಇನ್ನೂ ಬಹಳ ವರ್ಷ ಇರುತ್ತದೆ. ದೊಡ್ಡದಿದ್ದು ಅಲುಗುತ್ತಿದ್ದರೆ, ಆದರೆ ಮೇಲ್ಮೈ ಚೆನ್ನಾಗಿದ್ದರೆ, ಸಣ್ಣ ತೂತು ಕೊರೆದು ಮೊದಲು ನೀರು ಹಾಯಿಸಿ, ಆಮೇಲೆ ಸೋಸಿದ ಸುಣ್ಣಕ್ಕೆ ನುಣ್ಣನೆ ಇಟ್ಟಿಗೆ ಪುಡಿ ಬೆರೆಸಿ ತೆಳುವಾಗಿ ಮಾಡಿ ಸಿರಿಂಜ್‌ನಿಂದ ತುಂಬಬಹುದು. ಕೆಳಗಿನ ತೂತಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಹಲಗೆಗೆ ಬಟ್ಟೆ ಸುತ್ತಿ ಗಟ್ಟಿಯಾಗುವವರೆಗೆ ಆನಿಸಿಡಿ. ಉಬ್ಬಿದ ಗಿಲಾವನ್ನು ಮಾತ್ರ ಉಳಿಸಲು ಹೋಗಬೇಡಿ. ತೆಗೆಯುವುದೇ ಸರಿ.

ಕಲೆ ಮತ್ತು ತೇವ: ಇಲ್ಲೇ ಹೆಚ್ಚು ಜನ ದಾರಿ ತಪ್ಪುವುದು

ಚೌಕಟ್ಟಿನ ಮೇಲುಗಡೆ ಕಂದು-ಹಳದಿ ಕಲೆ. ಬಣ್ಣ ಹೊಡೆದರೆ ಕೆಲವು ವಾರದಲ್ಲಿ ಮತ್ತೆ ಮೂಡುತ್ತದೆ. ‘ವಾಟರ್‌ಪ್ರೂಫ್ ಹಾಕಿಸಿ’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹಾಕಿಸುವ ಮೊದಲು ಈ ಕಲೆ ಯಾವಾಗ ಒದ್ದೆಯಾಗುತ್ತದೆ ಅಂತ ನೋಡಿ. ಕಾಲವೇ ಉತ್ತರ ಕೊಡುತ್ತದೆ.

ಜೋರು ಮಳೆ ಬಂದ ಕೆಲವೇ ಗಂಟೆಯಲ್ಲಿ ಒದ್ದೆಯಾದರೆ ನೀರು ಮೇಲಿನಿಂದ ಇಳಿಯುತ್ತಿದೆ. ಮಳೆ ಇಲ್ಲದ, ಆದರೆ ಮೋಡ ಕವಿದ ಜುಲೈ ದಿನದಲ್ಲೂ ಒದ್ದೆ, ಬಿಸಿಲು ಬಿದ್ದರೆ ಒಣ ಅಂದರೆ ಅದು ಮಸಿಯ ಉಪ್ಪಿನ ಕೆಲಸ. ಹಿಂದೆ ಉರಿಸಿದ ಕಟ್ಟಿಗೆ, ಕಲ್ಲಿದ್ದಲಿನ ಮಸಿ ಚಿಮಣಿಯ ಗೋಡೆಯೊಳಗೆ ಇಳಿದಿರುತ್ತದೆ. ಅದರಲ್ಲಿರುವ ಉಪ್ಪು ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಎಲ್ಲೂ ಸೋರದೆಯೂ ಗೋಡೆ ಒದ್ದೆ! ಕೆಳಗಿನಿಂದ ಸುಮಾರು ಮೂರಡಿ ಎತ್ತರದವರೆಗೆ, ಒಲೆ ಇರುವ ಕಡೆ ಮಾತ್ರವಲ್ಲದೆ ಗೋಡೆಯುದ್ದಕ್ಕೂ ತೇವ ಇದ್ದರೆ ನೆಲದಿಂದ ಏರುತ್ತಿದೆ. ಹೊರಗೆ ಹೋಗಿ ನೋಡಿ. ಅಂಗಳಕ್ಕೆ ಹೊಸದಾಗಿ ಪೇವರ್ ಬ್ಲಾಕ್ ಹಾಕಿ ಪಾಯದ ಮಟ್ಟ ಮುಚ್ಚಿರುತ್ತಾರೆ.

ಅನುಮಾನ ಉಳಿದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಕಲೆಯ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಮುಚ್ಚಿ. ಒಂದೆರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದ್ದು.

ಮಾಯಿಶ್ಚರ್ ಮೀಟರ್ ತಂದು ಚುಚ್ಚಿ ‘ಶೇಕಡಾ ಇಷ್ಟು’ ಅಂತ ಹೆದರಿಸುವವರಿದ್ದಾರೆ. ಒಲೆಯ ಗೋಡೆಯಲ್ಲಿ ಆ ಅಂಕಿ ನಂಬಬೇಡಿ. ಎರಡು ಮುಳ್ಳಿನ ಮೀಟರ್ ಅಳೆಯುವುದು ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಉಪ್ಪಿದ್ದರೂ, ಮಸಿಯ ಇಂಗಾಲವಿದ್ದರೂ ಸ್ವಲ್ಪ ತೇವಕ್ಕೇ ಅಂಕಿ ಮೇಲಕ್ಕೆ ಹಾರುತ್ತದೆ. ಅದೇ ಗೋಡೆಯ ದೂರದ, ಕಲೆ ಇಲ್ಲದ ಜಾಗದಲ್ಲಿ ಚುಚ್ಚಿ ಹೋಲಿಸಿದರೆ ಅಷ್ಟಿಷ್ಟು ಪ್ರಯೋಜನ.

ಚಿಮಣಿಯ ತಲೆ ಮೇಲೆ

ಮೇಲಿನಿಂದ ನೀರು ಅಂತ ಅನುಮಾನ ಬಂದರೆ ಛಾವಣಿಗೆ ಹೋಗಲೇಬೇಕು. ಹೆಂಚಿನ ಮೇಲೆ ನಡೆಯುವ ಅಭ್ಯಾಸ ಇದ್ದವರನ್ನೇ ಹತ್ತಿಸಿ, ಸೊಂಟಕ್ಕೆ ಹಗ್ಗ ಇರಲಿ. ಈ ಬಂಗಲೆಗಳಿಗೆ ಹೊದಿಸಿದ್ದು ಹೆಚ್ಚಾಗಿ ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಕಾರ್ಖಾನೆ ಹಾಕಿದ ಮೇಲೆ ಆ ಹೆಂಚು ಕರಾವಳಿಯಿಂದ ದೂರದೂರಕ್ಕೆ ಹೋಯಿತು. ಹೆಂಚು ತಿರುಗಿಸಿ ನೋಡಿದರೆ ಕಾರ್ಖಾನೆಯ ಮುದ್ರೆ ಸಿಗಬಹುದು. ಒಡೆದದ್ದಕ್ಕೆ ಬದಲಿ ಹುಡುಕುವಾಗ ಅದೇ ಅಚ್ಚಿನದ್ದು ಬೇಕು. ಇಲ್ಲದಿದ್ದರೆ ಕಚ್ಚು ಕೂರುವುದಿಲ್ಲ.

ಚಿಮಣಿ ಹೆಂಚಿನ ಛಾವಣಿಯನ್ನು ಸೀಳಿಕೊಂಡು ಮೇಲೆ ಬರುವ ಕಡೆ ಗಮನವಿಟ್ಟು ನೋಡಿ. ಆ ಸಂದಿಗೆ ಸಿಮೆಂಟ್ ಮೆತ್ತಿರುತ್ತಾರೆ. ಪ್ರತಿ ವರ್ಷ ಮೆತ್ತುತ್ತಾರೆ, ಪ್ರತಿ ವರ್ಷ ಬಿಡುತ್ತದೆ. ಯಾಕೆ ಅಂದರೆ ಹೆಂಚು ಕೂತಿರುವುದು ಮರದ ರೀಪಿನ ಮೇಲೆ. ಮರ ಬಿಸಿಲು-ಮಳೆಗೆ ಅಲುಗುತ್ತದೆ. ಚಿಮಣಿ ಇಟ್ಟಿಗೆಯದು, ಅದು ನಿಂತಲ್ಲೇ ನಿಂತಿರುತ್ತದೆ. ಅಲುಗುವುದನ್ನೂ ಅಲುಗದ್ದನ್ನೂ ಗಟ್ಟಿ ಸಿಮೆಂಟಿನಿಂದ ಕಟ್ಟಿಹಾಕಿದರೆ ಬಿರುಕು ಬಿಡದೆ ಇನ್ನೇನು? ಇದಕ್ಕೆ ಎರಡು ತಗಡು ಬೇಕು. ಒಂದು ಹೆಂಚಿನ ಜೊತೆ ಕೂರುತ್ತದೆ, ಚಿಮಣಿಯ ಮೈಗೆ ಮೇಲಕ್ಕೆ ಮಡಚಿರುತ್ತದೆ. ಇನ್ನೊಂದರ ಮೇಲಂಚು ಚಿಮಣಿಯ ಇಟ್ಟಿಗೆ ಸಂದಿಯೊಳಗೆ ಹೋಗಿ, ಕೆಳಗಿನ ಭಾಗ ಮೊದಲನೆಯದರ ಮೇಲೆ ಸೆರಗಿನಂತೆ ಬೀಳುತ್ತದೆ. ಎರಡನ್ನೂ ಒಂದಕ್ಕೊಂದು ಬೆಸೆಯಬಾರದು. ಸೀಸದ ತಗಡು ಒಳ್ಳೆಯದು, ಸಿಗದಿದ್ದರೆ ದಪ್ಪ ಅಲ್ಯೂಮಿನಿಯಂ. ಆದರೆ ಅಲ್ಯೂಮಿನಿಯಂಗೆ ಹಸಿ ಸುಣ್ಣ, ಸಿಮೆಂಟ್ ತಾಗಿದರೆ ಸವೆಯುತ್ತದೆ. ತಾಗುವ ಕಡೆ ಬಿಟುಮೆನ್ ಬಳಿಯಿರಿ.

ಚಿಮಣಿಯ ಮೇಲ್ಬದಿಯ ಬೆನ್ನನ್ನೂ ನೋಡಿ. ಇಳಿದು ಬರುವ ನೀರೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ಕ್ಯಾಂಪಿನ ದೊಡ್ಡ ದೊಡ್ಡ ಮರಗಳ ಎಲೆ ಅಲ್ಲೇ ಕೂತು ಗೊಬ್ಬರವಾಗಿರುತ್ತದೆ. ಅರಳಿ ಸಸಿಯೂ ಎದ್ದಿರಬಹುದು. ಅರಳಿಯನ್ನು ಕಿತ್ತರೆ ಸಾಲದು, ಬೇರು ಸಂದಿಯಲ್ಲಿ ಉಳಿದರೆ ಮುಂದಿನ ವರ್ಷ ಮತ್ತೆ ಚಿಗುರುತ್ತದೆ.

ಕೊನೆಗೆ ಚಿಮಣಿಯ ಬಾಯಿ. ಮಳೆ ನೀರು ಬೀಳುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ ಅಂತ ಯಾರೋ ಅದರ ಮೇಲೆ ಕಡಪಾ ಕಲ್ಲು ಇಟ್ಟು ಸಿಮೆಂಟ್ ಹಾಕಿ ಮುಚ್ಚಿರುತ್ತಾರೆ. ಕೆಳಗೆ ಒಲೆಯ ಬಾಯಿಗೆ ಪ್ಲೈವುಡ್ ಬಡಿದಿರುತ್ತಾರೆ. ಒಳಗಿನ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಇಟ್ಟಿಗೆಯಲ್ಲಿ ಹೀರಿದ ಮಳೆನೀರು ಆರಲು ದಾರಿಯಿಲ್ಲ. ಮಸಿ ನೆನೆದು ಕಂದು ರಸವಾಗಿ ಗಿಲಾವಿನಲ್ಲಿ ಇಳಿಯುತ್ತದೆ. ಚೌಕಟ್ಟಿನ ಮೇಲೆ ಕಾಣುವ ಆ ಹಳದಿ ಕಲೆ ಬಹಳ ಸಲ ಇದೇ. ಪರಿಹಾರ ಅಗ್ಗದ್ದು. ಮೇಲಿನ ಕಲ್ಲನ್ನು ನಾಲ್ಕು ಮೂಲೆಯಲ್ಲಿ ಇಟ್ಟಿಗೆ ಕೊಟ್ಟು ಎತ್ತಿಡಿ, ಸುತ್ತ ಸ್ಟೀಲ್ ಜಾಲರಿ ಹಾಕಿ. ಕೆಳಗಿನ ಪ್ಲೈವುಡ್‌ನಲ್ಲಿ ಒಂದು ಗ್ರಿಲ್ ಕೂರಿಸಿ. ಗಾಳಿ ಕೆಳಗಿಂದ ಮೇಲೆ ಆಡಿದರೆ ಅರ್ಧ ರೋಗ ತಾನಾಗೇ ಹೋಗುತ್ತದೆ. ನಾನಂತೂ ಇದನ್ನು ಮಾಡಿ ಒಂದು ಮಳೆಗಾಲ ಕಾಯದೆ ಯಾವ ಮನೆಯ ಗಿಲಾವನ್ನೂ ಮುಟ್ಟುವುದಿಲ್ಲ.

ಒಲೆ ಬಾಯಿ ಮುಚ್ಚಿದ್ದು ಬೂದು ಬಣ್ಣದ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಶೀಟಾಗಿದ್ದರೆ ಹುಷಾರು. ಹಳೆಯದಾದರೆ ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಉಸಿರಿಗೆ ಅಪಾಯ. ಒಡೆಯಬೇಡಿ, ಕೊರೆಯಬೇಡಿ. ಒದ್ದೆ ಮಾಡಿ, ಸ್ಕ್ರೂ ಬಿಚ್ಚಿ, ಇಡಿಯಾಗಿ ತೆಗೆದು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ.

ಸೋರುವ ಜಾಗ ಗೊತ್ತಾಗದಿದ್ದರೆ ಪೈಪ್‌ನಿಂದ ನೀರು ಬಿಟ್ಟು ನೋಡಿ. ಕೆಳಗಿನಿಂದ ಶುರು: ಮೊದಲು ಚಿಮಣಿಯ ಕೆಳಗಿನ ಹೆಂಚು, ಆಮೇಲೆ ಸಂದಿ, ಆಮೇಲೆ ಬೆನ್ನು, ಕೊನೆಗೆ ತಲೆ. ಒಂದೊಂದು ಕಡೆ ಕಾಲು ಗಂಟೆಯಾದರೂ ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ.

ಬಿಳಿ ಉಪ್ಪು

ಗಿಲಾವಿನ ಮೇಲೆ ಹತ್ತಿಯಂತೆ ಬಿಳಿ ಉಪ್ಪು ಎದ್ದರೆ ಒಣ ಬ್ರಶ್‌ನಿಂದ ಉಜ್ಜಿ, ಕಾಗದದಲ್ಲಿ ಹಿಡಿದು ಹೊರಗೆ ಎಸೆಯಿರಿ. ನೀರಿನಿಂದ ತೊಳೆಯಬೇಡಿ. ಕರಗಿದ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ತೇವದ ಮೂಲ ನಿಂತ ಮೇಲೂ ಕೆಲವು ತಿಂಗಳು ಉಪ್ಪು ಬರುತ್ತಲೇ ಇರುತ್ತದೆ, ಗೋಡೆ ಒಣಗುತ್ತಿರುವ ಗುರುತು ಅದು. ಮಸಿಯ ಉಪ್ಪು ಹೊಕ್ಕ ಗಿಲಾವನ್ನು ಮಾತ್ರ ಇಟ್ಟಿಗೆಯವರೆಗೆ ತೆಗೆಯಲೇಬೇಕು, ಕಲೆಯ ಅಂಚಿನಿಂದ ಒಂದು ಅಡಿ ಆಚೆಯವರೆಗೆ. ಆ ಗಿಲಾವನ್ನು ಪುಡಿಮಾಡಿ ಹೊಸ ಗಾರೆಗೆ ಬೆರೆಸಬಾರದು.

ಒಳಗಿನ ಕಬ್ಬಿಣ

ಅಮೃತಶಿಲೆಯ ಚೌಕಟ್ಟಿನಲ್ಲಿ ಮೂಲೆಯೊಂದು ಚಕ್ಕೆ ಎದ್ದು, ಅದರ ಸುತ್ತ ಕಿತ್ತಳೆ ಕಲೆ ಇದ್ದರೆ ಹಿಂದೆ ಕಬ್ಬಿಣದ ಕೊಕ್ಕೆ ಇದೆ. ಕಲ್ಲನ್ನು ಗೋಡೆಗೆ ಹಿಡಿದಿಡಲು ಹಾಕಿದ್ದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಲ್ಲನ್ನೇ ಸೀಳಿಬಿಡುತ್ತದೆ. ಮೇಲೆ ಎಪಾಕ್ಸಿ ಹಚ್ಚಿ ಚಕ್ಕೆ ಅಂಟಿಸಿದರೆ ಅದರ ಪಕ್ಕದಲ್ಲಿ ಇನ್ನೊಂದು ಸಿಡಿಯುತ್ತದೆ. ಕೊಕ್ಕೆ ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕುವುದೇ ದಾರಿ. ಇದಕ್ಕೆ ಮಾತ್ರ ಚೌಕಟ್ಟು ಬಿಚ್ಚಬೇಕಾಗುತ್ತದೆ.

ಬಿಚ್ಚುವ ಕ್ರಮ ಮೇಲಿನಿಂದ ಕೆಳಗೆ: ಹಲಗೆ, ಅಡ್ಡಪಟ್ಟಿ, ಆಮೇಲೆ ಕಾಲುಗಳು. ಕೂರಿಸುವಾಗ ಉಲ್ಟಾ. ಸನ್ನೆಕೋಲು ಹಾಕಿ ಎಬ್ಬಿಸಬೇಡಿ. ಅಂಚಿನಿಂದ ಒಂದು ಇಂಚು ಆಚೆ ಗಿಲಾವನ್ನು ಗೆರೆ ಎಳೆದಂತೆ ಕತ್ತರಿಸಿ, ಕೊಕ್ಕೆ ಎಲ್ಲಿದೆ ನೋಡಿ, ಹ್ಯಾಕ್ಸಾ ಬ್ಲೇಡ್‌ನಿಂದ ಕೊಯ್ಯಿರಿ. ಒಂದು ಇಂಚು ದಪ್ಪದ ಅಮೃತಶಿಲೆ ಚದರ ಅಡಿಗೆ ಆರು ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಐದಡಿ ಉದ್ದ, ಒಂಬತ್ತು ಇಂಚು ಅಗಲದ ಹಲಗೆ ಅಂದರೆ ಸುಮಾರು 24 ಕೆ.ಜಿ. ಇಬ್ಬರು ಹಿಡಿಯಿರಿ, ಅಂಚಿನ ಮೇಲೆ ನಿಲ್ಲಿಸಿ ಒಯ್ಯಿರಿ. ಮಲಗಿಸಿ ಒಯ್ದರೆ ತನ್ನ ಭಾರಕ್ಕೇ ನಡುವೆ ಮುರಿಯಬಹುದು.

ಸಾಗವಾನಿಯದ್ದು ಅಲುಗಾಡುತ್ತಿದ್ದರೆ ಕಾರಣ ಸರಳ. ಗೋಡೆಯಲ್ಲಿ ಹೂತ ಮರದ ಗೂಟಗಳು ಕೊಳೆತಿವೆ ಅಥವಾ ಗೆದ್ದಲು ತಿಂದಿದೆ. ಗೂಟ ತೆಗೆದು ಇಟ್ಟಿಗೆಯ ಮೈಗೇ ಸ್ಟೀಲ್ ಸ್ಕ್ರೂ ಹಾಕಿ. ಸುಣ್ಣದ ಸಂದಿಗೆ ಹಾಕಿದರೆ ಹಿಡಿಯುವುದಿಲ್ಲ.

ಬಣ್ಣ ತೆಗೆಯುವ ಮೊದಲು

ನಮ್ಮಲ್ಲಿ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಹಳೆ ಚೌಕಟ್ಟಿನ ಮೇಲಿನ ಆಯಿಲ್ ಪೇಂಟ್‌ನಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಒಣಗಿದ್ದನ್ನು ಸ್ಯಾಂಡರ್‌ನಿಂದ ಉಜ್ಜಬೇಡಿ, ಬೆಂಕಿ ಜ್ವಾಲೆ ಹಿಡಿಯಬೇಡಿ. ಒದ್ದೆ ಮಾಡಿ ಕೆರೆಯಿರಿ, ಒಳ್ಳೆ ಮಾಸ್ಕ್ ಇರಲಿ. ಮಕ್ಕಳು, ಬಸುರಿಯರು ಆ ಕೋಣೆಗೆ ಬರಬಾರದು.

ಇನ್ನೊಂದು ಎಚ್ಚರ. ಅಮೃತಶಿಲೆ ಅಂತ ಕಾಣುವುದೆಲ್ಲ ಅಮೃತಶಿಲೆಯಲ್ಲ. 19ನೇ ಶತಮಾನದಲ್ಲಿ ಸ್ಲೇಟ್ ಕಲ್ಲಿಗೆ ಬಣ್ಣ ಹಚ್ಚಿ ಅಮೃತಶಿಲೆಯ ಗೆರೆ ಬಿಡಿಸಿದ ಚೌಕಟ್ಟುಗಳು ಬಹಳ ಬಂದಿದ್ದವು. ಅದರ ಮೇಲೆ ಪೇಂಟ್ ರಿಮೂವರ್ ಹಾಕಿದರೆ ಆ ಚಿತ್ತಾರವೇ ಎದ್ದು ಬರುತ್ತದೆ, ಕೆಳಗೆ ಬೋಳು ಕರಿಕಲ್ಲು. ಕಾಣದ ಹಿಂಬದಿಯಲ್ಲಿ ಒಂದು ಹನಿ ನಿಂಬೆರಸ ಬಿಡಿ. ನೊರೆ ಎದ್ದರೆ ಅಮೃತಶಿಲೆ, ಏನೂ ಆಗದಿದ್ದರೆ ಬೇರೆ. ಹನಿಯನ್ನು ತಕ್ಷಣ ಒರೆಸಿ. ಅದೇ ಕಾರಣಕ್ಕೆ ಬಾತ್‌ರೂಮ್ ಆಸಿಡ್, ನಿಂಬೆ, ಹುಣಸೆಹಣ್ಣು ಯಾವುದೂ ಅಮೃತಶಿಲೆಯ ಹತ್ತಿರ ಬರಬಾರದು. ಹೊಳಪು ತಿಂದುಹಾಕುತ್ತವೆ. ಮಸಿಯ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಅದು ಕಲೆಯನ್ನು ಎಳೆದುಕೊಳ್ಳುವುದು.

ಹೊಸ ಗಿಲಾವು

ದಸರೆ ಕಳೆದು ಮಳೆ ಹಿಂದೆ ಸರಿದ ಮೇಲೆ, ಬಿಸಿಲು ಏರುವ ಮೊದಲು ಮಾಡಿಸಿ. ಕಲ್ಲುಸುಣ್ಣ ತಂದು ನೀರಿನಲ್ಲಿ ಅರಳಿಸಿ, ಸೋಸಿ, ಕೆಲವು ವಾರವಾದರೂ ನೀರಿನಡಿ ಇಡಿ. ಅರಳುವಾಗ ಕುದಿಯುತ್ತದೆ. ಸುಣ್ಣಕ್ಕೆ ನೀರು ಹೊಯ್ಯಬೇಡಿ, ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಚೀಲದಲ್ಲಿ ಸಿಗುವ ಪುಡಿ ಸುಣ್ಣ ಹಳೆಯದಾದರೆ ಗಾಳಿಯಲ್ಲೇ ಅರ್ಧ ಸತ್ತಿರುತ್ತದೆ, ಹಿಡಿತ ಇರುವುದಿಲ್ಲ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಒಲೆಯ ಸುತ್ತ ಮರಳಿನ ಕಾಲು ಭಾಗದ ಬದಲು ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಹಾಕಿ. ತೇವ ಇರುವ ಕಡೆಯೂ ಅದು ಗಟ್ಟಿಯಾಗುತ್ತದೆ. ಮರಳು ತೊಳೆದದ್ದಿರಬೇಕು. ಗೌಂಡಿ ಕಾಕಾ ಬೆಲ್ಲದ ನೀರೂ ಹಾಕಬೇಕು ಅನ್ನುತ್ತಾರೆ. ನಾನು ಬೇಡ ಅನ್ನುವುದಿಲ್ಲ, ಆದರೆ ಅಳತೆ ಅವರ ಕೈಗೇ ಬಿಟ್ಟಿದ್ದೇನೆ. ಜಾಸ್ತಿಯಾದರೆ ಗಾರೆ ಬಿಗಿಯುವುದೇ ಇಲ್ಲ.

ಇಟ್ಟಿಗೆಯ ಸಂದಿ ಕೆರೆದು, ಗೋಡೆಯನ್ನು ಹಿಂದಿನ ದಿನವೇ ನೆನೆಸಿ. ಒಂದು ಪದರ ಅರ್ಧ ಇಂಚಿಗಿಂತ ದಪ್ಪ ಬೇಡ. ಮೊದಲನೆಯದನ್ನು ಕರಣೆಯಿಂದ ಗೀರಿ ಒರಟು ಮಾಡಿ, ವಾರ ಬಿಟ್ಟು ಎರಡನೆಯದು. ಒದ್ದೆ ಗೋಣಿತಾಟು ಇಳಿಬಿಟ್ಟು ನಿಧಾನವಾಗಿ ಒಣಗಿಸಿ. ಫ್ಯಾನ್ ಹಾಕಬೇಡಿ. ಸುಣ್ಣ ಬರೀ ಒಣಗಿ ಗಟ್ಟಿಯಾಗುವುದಲ್ಲ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಸ್ವಲ್ಪ ತೇವ ಬೇಕೇ ಬೇಕು. ಮೇಲೆ ಸುಣ್ಣದ ಬಣ್ಣವೇ ಸರಿ. ಪ್ಲಾಸ್ಟಿಕ್ ಎಮಲ್ಶನ್ ಹೊಡೆದರೆ ಅಲ್ಲಿಯವರೆಗಿನ ಕೆಲಸ ದಂಡ.

ಚಿಮಣಿಯೊಳಗೆ ಕೊಳವೆಯ ಗಿಲಾವು ಉದುರಿದ್ದರೆ ಅಲ್ಲಿಗೆ ಸುಣ್ಣದ ಗಾರೆಗೆ ಸೆಗಣಿ ಬೆರೆಸಿ ಮೆತ್ತುವ ರೂಢಿ ಇಂಗ್ಲೆಂಡಿನಲ್ಲೇ ಇತ್ತು. ಇದನ್ನು ಹೇಳಿದಾಗ ಅಜ್ಜಿಗೆ ಬಹಳ ಸಂತೋಷವಾಯಿತು.

ಬೆಂಕಿ ಹಾಕಬೇಕು ಅಂತಿದ್ದರೆ

ಮೊದಲು ಒಲೆಯೊಳಗೆ ಊದುಬತ್ತಿ ಹಚ್ಚಿಡಿ. ಹೊಗೆ ಮೇಲಕ್ಕೆ ಹೋದರೆ ಒಳ್ಳೆಯದು. ಕೋಣೆಗೆ ಬಂದರೆ ಕೊಳವೆ ಕಟ್ಟಿದೆ ಅಥವಾ ಎತ್ತರ ಸಾಲದು. ಚಿಮಣಿ ಛಾವಣಿಯನ್ನು ದಾಟುವ ಜಾಗದಿಂದ ಕನಿಷ್ಠ ಮೂರಡಿ ಎತ್ತರ ಇರಬೇಕು, ಹತ್ತಡಿ ದೂರದೊಳಗಿನ ಯಾವ ಛಾವಣಿಗಿಂತಲೂ ಎರಡಡಿ ಮೇಲಿರಬೇಕು. ಪಕ್ಕದಲ್ಲಿ ಹೊಸ ಅಪಾರ್ಟ್‌ಮೆಂಟ್ ಎದ್ದಿದ್ದರೆ ಗಾಳಿ ಅದಕ್ಕೆ ಬಡಿದು ಕೆಳಗೆ ನುಗ್ಗುತ್ತದೆ, ಆಗ ಎಷ್ಟು ಎತ್ತರಿಸಿದರೂ ಕಷ್ಟ. ಮರದ ಚೌಕಟ್ಟಾದರೆ ಒಲೆ ಬಾಯಿಯ ಅಂಚಿನಿಂದ ಆರು ಇಂಚಿನೊಳಗೆ ಮರ ಇರಲೇಬಾರದು. ಅಲ್ಲಿ ಕಲ್ಲು ಅಥವಾ ಟೈಲ್ಸ್ ಇರಬೇಕು. ಪಾರಿವಾಳದ ಗೂಡು, ಜೇನು ಎಲ್ಲ ತೆಗೆಸಿ, ಕೊಳವೆ ಗುಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಹಾಕಿಸಿ. ಆ ಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬಂಗಲೆ ಕ್ಯಾಂಟೋನ್ಮೆಂಟ್ ಹದ್ದಿನೊಳಗಿದ್ದು ಓಲ್ಡ್ ಗ್ರಾಂಟ್ ಜಾಗವಾದರೆ (ನೆಲ ಸರ್ಕಾರದ್ದು, ಕಟ್ಟಡ ಮಾತ್ರ ನಿಮ್ಮದು) ಚಿಮಣಿ ಎತ್ತರಿಸುವುದು, ಕಮಾನು ಬದಲಿಸುವುದು ಇಂಥ ಕೆಲಸಕ್ಕೆ ಮೊದಲೇ ಕ್ಯಾಂಟೋನ್ಮೆಂಟ್ ಬೋರ್ಡ್ ಕಚೇರಿಯಲ್ಲಿ ವಿಚಾರಿಸಿ ಅನುಮತಿ ತೆಗೆದುಕೊಳ್ಳಿ. ಹೊಸ ಗಿಲಾವು ಹಾಕಿ ಒಂದು ತಿಂಗಳಾದರೂ ಆಗುವವರೆಗೆ ಬೆಂಕಿ ಬೇಡ. ಆಮೇಲೂ ಮೊದಲ ಕೆಲವು ಸಲ ಬರೀ ಕಾಗದ, ಸಣ್ಣ ಪುಳ್ಳೆ. ದೊಡ್ಡ ಕೊರಡು ಅದಾದ ಮೇಲೆ.